ಕ್ವಾರಿಯಿಂದ ತಂದ ನೀರು

ಜೂನ್ 9, ಸಂಜೆ

ಕರಪತ್ರ ಮತ್ತೆ ತಿದ್ದಿದೆ. ಬಾಯಿ ನಿಲ್ಲದ್ದಕ್ಕೆ ನಾವು ವಟವಟ ಎಂದು ಕರೆಯುವ ಗೆಳತಿ ಬರೆದದ್ದು: ಕಪ್ಪೆಗಳು ಹೋದರೆ ಮನುಷ್ಯಕುಲವೇ ನಾಶ. ಹೊಡೆದುಹಾಕಿದೆ. ಕಪ್ಪೆಗಳು ಕಡಿಮೆಯಾದರೆ ಸೊಳ್ಳೆ ಹೆಚ್ಚಾಗಬಹುದು — ಎಂದು ಬರೆದೆ. ಓದಿ ಮುಖ ಸಿಂಡರಿಸಿದಳು. ‘ಬಹುದು’ ಎಂದರೆ ಯಾರು ತಾನೇ ಹೆದರುತ್ತಾರೆ ಎಂದು ಅವಳ ವಾದ. “ಮನೆಗೆ ಬೆಂಕಿ ಬಿದ್ರೂ ನೀನು ‘ಬಿದ್ದಿರಬಹುದು’ ಅಂತೀಯ.”

ಕಾಲೇಜಿನ ಹಿಂದಿನ ಕೊಳ ಮುಚ್ಚಿ ಪಾರ್ಕಿಂಗ್ ಮಾಡುತ್ತಾರಂತೆ. ಮುಚ್ಚುವುದೋ ಬೇಡವೋ ಎಂದು ನೋಡಲು ಆಗಸ್ಟ್‌ನಲ್ಲಿ ಒಂದು ಸಮಿತಿ ಬರುತ್ತದೆ. ಅಷ್ಟರೊಳಗೆ ಶಾಲೆಶಾಲೆಗೆ ಹೋಗಿ ಮಕ್ಕಳ ಕೈಗೆ ಕಪ್ಪೆ ಕೊಡಬೇಕು. ಒಮ್ಮೆ ಕೈಯಲ್ಲಿ ಹಿಡಿದವರು ಅದನ್ನು ಸಾಯಲು ಬಿಡುವುದಿಲ್ಲ ಎಂಬುದು ವಟವಟಳ ನಂಬಿಕೆ. ಮಕ್ಕಳು ಮನೆಯಲ್ಲಿ ಹೇಳುತ್ತಾರೆ, ಅಪ್ಪ ಅಮ್ಮ ಮನವಿಗೆ ಸಹಿ ಹಾಕುತ್ತಾರೆ. ಪ್ರಾಣಿಶಾಸ್ತ್ರದ ಮೇಷ್ಟ್ರು ಒಪ್ಪಿದ್ದಾರೆ. ನಮ್ಮ ಕ್ಲಾಸಿನ ಗುಂಡನದು ಸ್ಕೂಟರ್. ನನ್ನದು ಕರಪತ್ರ ಮತ್ತು ಬಕೆಟ್.

ಅಕ್ಕ ಬಾಗಿಲಲ್ಲೇ ತಡೆದಳು. ಕೈ ತೊಳೆಯದೆ ಅಡುಗೆಮನೆಗೆ ಕಾಲಿಟ್ಟರೆ ನನ್ನನ್ನೂ ಕೊಳಕ್ಕೇ ಬಿಟ್ಟುಬರುತ್ತಾಳಂತೆ.

ಜೂನ್ 17

ಮೊದಲ ಶಾಲೆ. ಗುಂಡ ಹಳೆಯ ಪರದೆಯಲ್ಲಿ ಹೊಲಿಸಿದ ಕಪ್ಪೆ ವೇಷ ಹಾಕಿಕೊಂಡು ಬಂದ. ಮಕ್ಕಳು ಮೊಸಳೆ ಎಂದುಕೊಂಡರು. ಅವನಿಗೆ ಬೇಜಾರು.

ನಾಲ್ಕು ಜನರೆದುರು ನನಗೆ ಬಾಯಿ ಬರುವುದಿಲ್ಲ, ಎಲ್ಲರಿಗೂ ಗೊತ್ತು. ಮಾತೆಲ್ಲ ವಟವಟಳದೇ. ಒಂದೊಂದು ಮಗುವಿನ ಅಂಗೈ ಒದ್ದೆ ಮಾಡಿ ಅದರ ಮೇಲೆ ಕಪ್ಪೆ ಇಟ್ಟಳು. ಒಂದು ಮಗು ಉಸಿರು ಬಿಗಿಹಿಡಿದು, ಇದರ ಎದೆ ಹೊಡ್ಕೊಳ್ತಿದೆ ಎಂದು ಪಿಸುಗುಟ್ಟಿತು. ಅದು ಎದೆಯಲ್ಲ, ಗಂಟಲು. ತಿದ್ದಲಿಲ್ಲ.

ಜುಲೈ 2

ಕೊಳದ ಕಪ್ಪೆಗಳು ಮಣ್ಣುಬಣ್ಣದವು. ಮಕ್ಕಳಿಗೆ ಚಿತ್ರಪುಸ್ತಕದ ಹಸಿರು ಕಪ್ಪೆಯೇ ಬೇಕು. ಊರಾಚೆಯ ಕಲ್ಲುಕ್ವಾರಿಯ ಹೊಂಡದಲ್ಲಿವೆ. ಬೆಳಿಗ್ಗೆ ಹೋಗಿ ಹಿಡಿದೆವು. ತಮ್ಮ ನೀರಿನಲ್ಲೇ ಇದ್ದರೆ ನೆಮ್ಮದಿಯಾಗಿರುತ್ತವೆ ಎಂದು ಹೊಂಡದ ನೀರನ್ನೇ ಬಕೆಟ್‌ಗೆ ತುಂಬಿಕೊಂಡೆವು. ಶಾಲೆಯಲ್ಲಿ ಒಳ್ಳೆಯ ಗದ್ದಲ.

ಕಪ್ಪೆಗಳನ್ನು ಕ್ವಾರಿಗೇ ವಾಪಸು ಬಿಡಲು ಹೊರಟಾಗ ಮಳೆ. ಕ್ವಾರಿ ದಾರಿಯಲ್ಲಿ ಸ್ಕೂಟರ್ ಹೂತುಕೊಂಡಿತು. ಇವನ್ನು ನಮ್ಮ ಕೊಳಕ್ಕೇ ಬಿಡೋಣ ಎಂದಳು ವಟವಟ. ಸಮಿತಿಯವರ ಕಣ್ಣಿಗೆ ಇನ್ನೊಂದು ಜಾತಿ ಬಿದ್ದರೆ ಒಳ್ಳೆಯದೇ ಅಲ್ಲವೇ? ನಮಗೂ ಹೌದೆನ್ನಿಸಿತು. ಗುಂಡ ಬಕೆಟ್ ಬಗ್ಗಿಸಿದ, ನಾನು ತಳ ಹಿಡಿದೆ. ನೀರಿನ ಸಮೇತ ಹೋದವು. ಒಂದು ಮಾತ್ರ ಅಂಚಿಗೆ ಅಂಟಿ ಕೂತಿತ್ತು. ಮೆಲ್ಲಗೆ ಊದಿ ಕಳಿಸಿದೆ.

ಜುಲೈ 6

ಸಹಿಗಳು ಬರುತ್ತಿವೆ. ಓದುತ್ತಿರುವ ಕಾದಂಬರಿ ಅರ್ಧ ಮುಗಿಯಿತು. ಹಿಮ ಬೀಳುವ ಊರಿನ ಕಥೆ. ಅನುವಾದಕರು ಹಿಮದ ಸದ್ದಿಗೆ ಕನ್ನಡ ಪದ ಸಿಗದೆ ಆ ವಾಕ್ಯವನ್ನೇ ಚಿಕ್ಕದು ಮಾಡಿರುವ ಹಾಗಿದೆ. ಕಿಟಕಿ ತೆರೆದರೆ ಕೊಳದ ಕಡೆಯಿಂದ ವಟಗುಟ್ಟುವುದು ಕೇಳುತ್ತದೆ. ಪುಟ ಮುಂದೆ ಹೋಗುವುದಿಲ್ಲ.

ಜುಲೈ 29

ಮಟಮಟ ಮಧ್ಯಾಹ್ನ, ಕೊಳದ ಮೆಟ್ಟಿಲ ಮೇಲೆ ಒಂದು ಕಪ್ಪೆ. ಹತ್ತಿರ ಹೋದರೂ ಹಾರಲಿಲ್ಲ. ಬೆರಳಿನಿಂದ ಮಗುಚಿದೆ. ಮಗುಚಿಕೊಂಡೇ ಇತ್ತು. ಮಣ್ಣುಬಣ್ಣದ್ದು.

ಜುಲೈ 31

ಇನ್ನಷ್ಟು. ಹಿಂಗಾಲು ಚಾಚಿಕೊಂಡು, ಚರ್ಮ ಸಿಪ್ಪೆ ಸಿಪ್ಪೆಯಾಗಿ. ಮೇಷ್ಟ್ರು ಬಂದು ನೋಡಿದರು. ಹೊರಗಿನಿಂದ ಏನಾದರೂ ತಂದು ಬಿಟ್ಟಿರಾ ಎಂದು ಕೇಳಿದರು. ವಟವಟ ಎಲ್ಲ ಹೇಳಿದಳು. ಅವರು ಒದ್ದೆ ಮೆಟ್ಟಿಲ ಮೇಲೆ ಹಾಗೇ ಕೂತುಬಿಟ್ಟರು.

“ಒಂದು ಕಡೆಯ ಕಪ್ಪೇನ ಇನ್ನೊಂದು ಕಡೆ ಬಿಡಬಾರದು ಅಂತ ನಾನು ಹೇಳಿರಲಿಲ್ವಾ?”

“ಇಲ್ಲ ಸಾರ್.”

“ಹೌದು. ಹೇಳಿರಲಿಲ್ಲ.”



ಆಗಸ್ಟ್ 8

ಮೇಷ್ಟ್ರು ಸತ್ತ ಕಪ್ಪೆ ಕಳಿಸಿದ್ದ ಲ್ಯಾಬಿನಿಂದ ಉತ್ತರ ಬಂತು. ಫಂಗಸ್. ಚರ್ಮಕ್ಕೆ ಹತ್ತುತ್ತದೆ. ಕಪ್ಪೆ ನೀರು ಕುಡಿಯುವುದು ಚರ್ಮದಿಂದ, ಅರ್ಧ ಉಸಿರಾಡುವುದೂ ಅದರಿಂದಲೇ. ಕ್ವಾರಿಯ ಹಸಿರಿನವು ರೋಗವನ್ನು ಮೈಮೇಲೆ ಹೊತ್ತುಕೊಂಡೇ ಬದುಕುತ್ತವೆ. ನಮ್ಮವಕ್ಕೆ ಆಗುವುದಿಲ್ಲ. ಅವು ತಾವಾಗಿ ಇಲ್ಲಿಗೆ ಬರುತ್ತಿರಲಿಲ್ಲ, ನಡುವೆ ಇಡೀ ಊರಿದೆ. ಅದಕ್ಕೆ ನಮ್ಮ ಬಕೆಟ್ಟೇ ಬೇಕಾಯಿತು.

ಗುಂಡ ಗ್ಲೌಸ್ ಹಾಕಿಕೊಂಡು ಸತ್ತವನ್ನೆಲ್ಲ ಆರಿಸಿದ. ಮೇಷ್ಟ್ರು ಸುಡಿಸಿದರು. ಮನೆಗೆ ಬಂದಾಗ ಅಕ್ಕ ಏನೂ ಕೇಳಲಿಲ್ಲ. ಸ್ನಾನಕ್ಕೆ ನೀರು ಕಾಯಿಸಿಟ್ಟಿದ್ದಳು.

ಆಗಸ್ಟ್ 13

ನಾಳೆ ಸಮಿತಿ. ಅವರು ಬಂದು ಹೋಗುವ ತನಕ ಬಾಯಿ ಮುಚ್ಚಿಕೊಂಡಿರೋಣ ಎಂದ ಗುಂಡ. ಹಸಿರಿನವು ಇನ್ನೂ ಕೂಗುತ್ತಿವೆ, ಯಾರಿಗೆ ಗೊತ್ತಾಗುತ್ತದೆ. ಆದರೆ ಜೋರು ಮಳೆ ಬಂದರೆ ಕೊಳ ತುಂಬಿ ಚರಂಡಿಗೆ, ಚರಂಡಿಯಿಂದ ಹಳ್ಳಕ್ಕೆ. ಹಳ್ಳದುದ್ದಕ್ಕೂ ಕಪ್ಪೆಗಳಿವೆ. ವಟವಟ ಉಗುರು ಕಚ್ಚುತ್ತಾ ಕೂತಿದ್ದಳು. 

ಆಗಸ್ಟ್ 14

ಹೇಳಿದಳು. ಕ್ವಾರಿ, ಬಕೆಟ್, ಫಂಗಸ್, ಒಂದೂ ಬಿಡದೆ. ಸಮಿತಿಯ ಇಂಜಿನಿಯರ್ ವಯಸ್ಸಾದವರು. ಅವಳ ತಲೆಯ ಮೇಲೆ ತಮ್ಮ ಕೊಡೆ ಹಿಡಿದು ಕೊನೆಯವರೆಗೂ ಕೇಳಿಸಿಕೊಂಡರು. ಬೈದಿದ್ದರೆ ವಾಸಿಯಿತ್ತು.

“ಹಾಗಾದ್ರೆ ಇಲ್ಲಿ ಉಳಿಸೋದಕ್ಕೆ ಏನಿದೆಯಮ್ಮಾ?”

ಮೇಷ್ಟ್ರ ಕಡೆ ನೋಡಿದೆ. ಅವರು ನೀರಿನ ಕಡೆ ನೋಡುತ್ತಿದ್ದರು. ಸಹಿಗಳ ಕಟ್ಟು ನನ್ನ ಚೀಲದಲ್ಲೇ ಇತ್ತು. ತೆಗೆಯಲಿಲ್ಲ.

ಆಗಸ್ಟ್ 20

ಉಳಿದವನ್ನೆಲ್ಲ ಮೇಷ್ಟ್ರು ಹಿಡಿಸಿ ಲ್ಯಾಬಿಗೆ ಕಳಿಸಿದರು. ನೀರಿಗೆ ಸುಣ್ಣ ಹಾಕಿದರು. ಕೊಳ ಮುಚ್ಚಲು ಮಣ್ಣಿನ ಲಾರಿಗಳು ಬರಲು ಶುರು. ಇವತ್ತು ಕಿಟಕಿ ತೆರೆದಿದ್ದರೂ ಪುಟಗಳು ಸರಸರ ಮುಂದೆ ಹೋದವು. ಏನು ಓದಿದೆ ಎಂದು ನೆನಪಿಲ್ಲ.

ಆಗಸ್ಟ್ 25

ಇದು ಯಾರಿಗೂ ಹೊಳೆದಿರಲಿಲ್ಲ. ಕೊಳದಲ್ಲಿ ಕಪ್ಪೆ ಸಾಯುತ್ತಿವೆ ಎಂಬ ಸುದ್ದಿ ಶಾಲೆಗಳಿಗೆ ಮುಟ್ಟಿದೆ. ಮಕ್ಕಳು ಎಲ್ಲೆಲ್ಲಿಂದಲೋ ಕಪ್ಪೆ ಹಿಡಿದು ನೀರಿನ ಬಾಟಲಿಯಲ್ಲಿ ತರುತ್ತಿದ್ದಾರೆ. ನಮ್ಮ ಕೊಳಕ್ಕೆ ಬಿಡಲು. ಮುಚ್ಚಿದೆ ಎಂದು ಕಾವಲುಗಾರ ವಾಪಸು ಕಳಿಸಿದರೆ ಹಳ್ಳಕ್ಕೆ ಬಿಟ್ಟು ಹೋಗುತ್ತಾರಂತೆ.

ಮತ್ತೆ ಎಲ್ಲ ಶಾಲೆಗಳಿಗೂ ಹೋಗಬೇಕು. ಕರಪತ್ರ ಹೊಸದಾಗಿ ಬರೆದೆ. ವಟವಟ ಓದಿ, ಸರಿ ಎಂದಳು. ಒಂದು ಪದಕ್ಕೂ ಜಗಳ ಆಡಲಿಲ್ಲ.

ಆಗಸ್ಟ್ 27, ಮಧ್ಯಾಹ್ನ

ವೇಷವಿಲ್ಲ, ಬಕೆಟ್ ಇಲ್ಲ. ವಟವಟ ಬೋರ್ಡಿನ ಮುಂದೆ ನಿಂತು ಗಂಟಲು ಸರಿಮಾಡಿಕೊಂಡಳು. ಕಪ್ಪೆಯನ್ನು ಇದ್ದ ಜಾಗದಿಂದ ತರಬೇಡಿ, ನೀರನ್ನೂ ತರಬೇಡಿ, ಅಲ್ಲೇ ನಿಂತು ನೋಡಿ. ಇಷ್ಟೇ ಹೇಳಿದಳು. ಮಕ್ಕಳು ಇನ್ನೂ ಏನೋ ಇದೆ ಎಂದು ಕಾದರು.

ಹಿಂದಿನ ಬೆಂಚಿನ ಹುಡುಗಿ ಎದ್ದುನಿಂತಳು.

“ಅವತ್ತು ನಾನು ಹಿಡ್ಕೊಂಡಿದ್ದ ಕಪ್ಪೆ ಚೆನ್ನಾಗಿದೆಯಾ ಅಕ್ಕಾ?”

“ಚೆನ್ನಾಗಿದೆ ಪುಟ್ಟಿ,” ಅಂದಳು ವಟವಟ. ತಡಮಾಡಲಿಲ್ಲ.

ಹುಡುಗಿ ಕೂರಲಿಲ್ಲ. ಅವಳ ಕೈಯಿಂದ ಕಪ್ಪೆಯನ್ನು ವಾಪಸು ತೆಗೆದುಕೊಂಡವಳು ನಾನು. ನೆನಪಿರಬೇಕು, ನನ್ನ ಕಡೆ ತಿರುಗಿದಳು.

“ಹೌದಾ?”

ಎಲ್ಲ ತಲೆಗಳೂ ತಿರುಗಿದವು. ವಟವಟ ಕಿಟಕಿಯ ಆಚೆ ನೋಡುತ್ತಿದ್ದಳು. ಕೈಯಲ್ಲಿದ್ದ ಸೀಮೆಸುಣ್ಣ ಎರಡು ತುಂಡಾಗಿತ್ತು. ಇಡೀ ಕ್ಲಾಸಿನೆದುರು ಬಾಯಿ ತೆರೆದೆ. ನಾನು ಹೇಳಿದ್ದು — “ಗೊತ್ತಿಲ್ಲ ಪುಟ್ಟಿ, ಸತ್ತಿರಬಹುದು.”