ಸೇನಾಪತಿಗೆ ಹುಷಾರಿಲ್ಲ

ಫೆಬ್ರವರಿ 24, ಸೋಮವಾರ. ಸಂಜೆ

ರೂಟ್ 130ರಲ್ಲಿ ಮತ್ತೆ ನಲವತ್ತು ನಿಮಿಷ. ಟ್ರಕ್ಕಿನ ಹಿಂದೆ ಟ್ರಕ್ಕು. ವೇರ್‌ಹೌಸ್‌ನಲ್ಲಿ ಮೂರನೇ ಕನ್ವೇಯರ್ ಬೆಳಗ್ಗೆಯಿಂದ ಮುಷ್ಕರ ಹೂಡಿತ್ತು. ಮೆಂಟೆನೆನ್ಸ್‌ನ ಶಿವಪ್ರಕಾಶ ಬಂದು ಕಾಲು ಗಂಟೆಯಲ್ಲಿ ಸರಿ ಮಾಡಿದ. ಹೊಗಳಿಸಿಕೊಂಡವನು ಮಾತ್ರ ಆಪರೇಷನ್ಸ್ ಹೆಡ್ ಜಯರಾಮು, ಅಂದರೆ ನಾನು.

ಮನೆಗೆ ಬಂದರೆ ಮಗಳು ಜಾನ್ವಿಯ ಘೋಷಣೆ. ಫಿಫ್ತ್ ಗ್ರೇಡಿನವರದ್ದೆಲ್ಲ ವ್ಯಾಕ್ಸ್ ಮ್ಯೂಸಿಯಂ. ಈ ದೇಶದವರ ಸ್ವಾತಂತ್ರ್ಯ ಯುದ್ಧದ ಒಬ್ಬೊಬ್ಬರ ವೇಷ ಹಾಕಿಕೊಂಡು ಮೇಣದ ಗೊಂಬೆಯ ಹಾಗೆ ನಿಲ್ಲಬೇಕು. ಅಂಗೈಗೆ ಕೆಂಪು ಕಾಗದದ ಬಟನ್. ಯಾರಾದರೂ ಬಂದು ಒತ್ತಿದರೆ ಜೀವ ಬಂದು ತನ್ನ ಕಥೆ ಹೇಳಬೇಕು. ಎಷ್ಟು ಸಲ ಒತ್ತಿದರೆ ಅಷ್ಟು ಸಲ. ಚೀಟಿ ಎತ್ತಿಸಿದ್ದಾರೆ. ಇವಳಿಗೆ ಬಂದದ್ದು ಬ್ರಿಟಿಷರ ಸೇನಾಪತಿ — ಕಾರ್ನ್‌ವಾಲಿಸ್.

ಅಷ್ಟು ಜನರಿದ್ದರು, ಇವನೇ ಬೇಕಿತ್ತೇ? ಗಂಜಾಂನಲ್ಲಿ ಹುಟ್ಟಿ ಶ್ರೀರಂಗಪಟ್ಟಣದ ಕೋಟೆ ಗೋಡೆಯ ಮೇಲೆ ಓಡಾಡಿ ಬೆಳೆದವನ ಮಗಳಿಗೆ!

“ಅಪ್ಪ, ಡು ಯು ನೋ ಹಿಮ್?”

“ಗೊತ್ತಾ ಅಂತೀಯಲ್ಲ. ನಮ್ಮೂರಿಗೆ ಬಂದಿದ್ದ ಕಣೆ ಅವ್ನು.”

“ನೋ ವೇ! ಡಿಡ್ ಅಜ್ಜಿ ಮೀಟ್ ಹಿಮ್?”

ಈ ಸ್ಕೂಲಿಗಾಗಿ ಜನ ಪ್ಲೇನ್ಸ್‌ಬರೋದಲ್ಲಿ ಮನೆಗೆ ಕ್ಯೂ ನಿಲ್ಲುತ್ತಾರೆ.

ಫೆಬ್ರವರಿ 26, ಬುಧವಾರ

ಲೈಬ್ರರಿ ಪುಸ್ತಕವನ್ನು ಮಗಳಿಗಿಂತ ಮೊದಲು ನಾನೇ ಮುಗಿಸಿದೆ. ಏನು ದೊಡ್ಡ ದಂಡನಾಯಕನಪ್ಪ! 1777ರ ಜನವರಿ, ಟ್ರೆಂಟನ್. ನಾನು ದಿನಾ ಡ್ರೈವ್ ಮಾಡುವ ದಾರಿಯಿಂದ ಹತ್ತು ಮೈಲಿ ಇರಬಹುದು. ಹಳ್ಳದ ಆಚೆ ವಾಷಿಂಗ್ಟನ್, ಈಚೆ ಇವನು. ಕತ್ತಲಾಯಿತು, ನರಿಯನ್ನು ಬೆಳಗ್ಗೆ ಹಿಡಿದರಾಯಿತು ಅಂದನಂತೆ ದೊರೆ. ಆಚೆ ದಡದಲ್ಲಿ ಉರಿಯುತ್ತಿದ್ದ ಬೆಂಕಿ ನೋಡಿ ನೆಮ್ಮದಿಯಾಗಿ ಮಲಗಿದ. ಬೆಳಗ್ಗೆ ಎದ್ದರೆ ಬೆಂಕಿ ಇತ್ತು, ಜನ ಇರಲಿಲ್ಲ. ಅಷ್ಟೊತ್ತಿಗೆ ಅವರು ಪ್ರಿನ್ಸ್‌ಟನ್‌ನಲ್ಲಿ ಇವನದೇ ದಂಡಿನ ಮೇಲೆ ಬಿದ್ದಿದ್ದರು.

ಬೆಳಗ್ಗೆ ನೋಡಿಕೊಳ್ಳೋಣ ಅನ್ನುವವರನ್ನು ಕಂಡರೆ ಮೈ ಉರಿಯುತ್ತದೆ ನನಗೆ. ನನ್ನ ಮೇಲಿನ ಬಾಸ್, ನಮ್ಮ ವಿ.ಪಿ., ಅದೇ ಜಾತಿ. ಪೆನ್ಸಿಲ್ವೇನಿಯಾದ ವೇರ್‌ಹೌಸನ್ನು ಎರಡೇ ವರ್ಷದಲ್ಲಿ ಮುಳುಗಿಸಿದ. ಅದಕ್ಕೆ ಬಹುಮಾನವಾಗಿ ಇಡೀ ಈಸ್ಟ್ ಕೋಸ್ಟ್ ಕೊಟ್ಟಿದ್ದಾರೆ.

ಮಾರ್ಚ್ 1, ಶನಿವಾರ

ಶಿವಪ್ರಕಾಶ, ಅವನ ಹೆಂಡತಿ ಪದ್ಮಜಾ, ಮಗಳು ರಿಯಾ ಬಂದಿದ್ದರು. ನಮ್ಮದೇ ಕಾಂಪ್ಲೆಕ್ಸ್, ಮೂರು ಬಿಲ್ಡಿಂಗ್ ಆಚೆ. ಒಂದು ಶನಿವಾರ ಅವರಲ್ಲಿ ಊಟ, ಒಂದು ಶನಿವಾರ ಇಲ್ಲಿ. ಆರು ವರ್ಷದ ರೂಢಿ. ರಿಯಾ ಜಾನ್ವಿಯ ಕ್ಲಾಸೇ. ಅವಳದು ಈ ದೇಶದ ಮೊದಲ ಬಾವುಟ ಹೊಲಿದಳೆನ್ನುವ ಬೆಟ್ಸಿ ರಾಸ್. ಸುಲಭದ ಪಾತ್ರ, ಯಾರಿಗೂ ಮುಜುಗರವಿಲ್ಲ.

ನನ್ನ ಹೆಂಡತಿ ಶೈಲಜಾಳ ಹಳೆಯ ಕೆಂಪು ಉಣ್ಣೆ ಕೋಟು ಕತ್ತರಿಗೆ ಬಲಿಯಾಯಿತು. ಹೆಗಲ ಪಟ್ಟಿಗೆ ಚಿನ್ನದ ಬಣ್ಣ ಬೇಕಲ್ಲ — ಪದ್ಮಜಾ ತನ್ನ ಮೈಸೂರು ರೇಷ್ಮೆ ಸೀರೆಯೊಂದರ ಜರಿಯಂಚು ಬಿಚ್ಚಿ ಕೊಟ್ಟಳು. ಹರಿದ ಸೀರೆ, ಪರವಾಗಿಲ್ಲ ಅಂದಳು. ಮೈಸೂರಿನ ಜರಿ ಕಾರ್ನ್‌ವಾಲಿಸನ ಹೆಗಲಿಗೆ. ನಗು ಬಂತು.

ಮಕ್ಕಳಿಗೆ ಮುಂದಿನ ಕಥೆ ಹೇಳಿದೆ. ಯಾರ್ಕ್‌ಟೌನ್. 1781. ಏಳು ಸಾವಿರ ಜನರ ದಂಡು ಸಿಕ್ಕಿಬಿತ್ತು. ಶರಣಾಗುವ ದಿನ ಸೇನಾಪತಿಗೆ ಹುಷಾರಿಲ್ಲ! ಕೈಕೆಳಗಿನ ಓ’ಹಾರಾನ ಕೈಲಿ ಕತ್ತಿ ಕೊಟ್ಟು ಕಳಿಸಿದ. ಗೆದ್ದಾಗ ಕುದುರೆ ಮೇಲೆ ಮುಂದೆ ಇರುವವನು ಇವನು. ಸೋತಾಗ ತಲೆ ತಗ್ಗಿಸಿ ನಡೆಯುವವನು ಇನ್ನೊಬ್ಬ. ಥೂ.

“ವಾಷಿಂಗ್ಟನ್ ಆ ಕತ್ತಿ ಮುಟ್ಟಲಿಲ್ಲ ಅಲ್ವಾ, ಜಯರಾಮಣ್ಣ?” ಅಂದ ಶಿವಪ್ರಕಾಶ. ಅವನೂ ಓದಿದ್ದ. “ನೀನು ಕೈಕೆಳಗಿನವ್ನನ್ನ ಕಳಿಸಿದ್ರೆ, ತಗೊಳ್ಳೋಕೆ ನನ್ನ ಕೈಕೆಳಗಿನವ್ನೇ ಸಾಕು ಅಂತ ತೋರಿಸ್ಬಿಟ್ಟ. ಭಲೇ ಆಸಾಮಿ.”

“ಆಮೇಲೆ ಕಾರ್ನ್‌ವಾಲಿಸ್‌ಗೆ ಏನಾಯ್ತು ಗೊತ್ತಾ?” ಅಂದೆ ಮಕ್ಕಳಿಗೆ. “ಇಂಡಿಯಾಕ್ಕೆ ಗವರ್ನರ್ ಜನರಲ್ ಮಾಡಿ ಕಳಿಸಿದ್ರು.”

ಶಿವಪ್ರಕಾಶ ಕಾಫಿ ಚೆಲ್ಲುವಷ್ಟು ನಕ್ಕ. “ಅಯ್ಯೋ, ನಮ್ಮ ವಿ.ಪಿ.!”

ಉಳಿದದ್ದೂ ಹೇಳಿದೆ. ಮೊದಲ ಸಲ ನಮ್ಮೂರ ತನಕ ಬಂದು, ಮಳೆ ಹಿಡಿದು, ಎತ್ತುಗಳು ಸತ್ತು, ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆಸಿ ಬೆಂಗಳೂರಿಗೆ ವಾಪಸಾದದ್ದು. ಮರುವರ್ಷ ಬಂದು ಟಿಪ್ಪುವಿನ ಎರಡು ಎಳೆಯ ಮಕ್ಕಳನ್ನು ಒತ್ತೆಗೆ ತೆಗೆದುಕೊಂಡದ್ದು. ಅವರನ್ನು ತಂದೆಯ ಹಾಗೆ ಕೈಹಿಡಿದು ಬರಮಾಡಿಕೊಂಡನೆಂದು ಚಿತ್ರ ಬರೆಸಿ ಊರೆಲ್ಲ ಹಂಚಿದರು. ಅಂಥ ಕೆಲಸಕ್ಕೆ ಮಾತ್ರ ಇವನ ಆರೋಗ್ಯ ಚೆನ್ನಾಗಿರುತ್ತಿತ್ತು.

ಜಾನ್ವಿಗೆ ಅದೆಲ್ಲ ಬೇಡ. ಯಾರ್ಕ್‌ಟೌನ್‌ಗೆ ನಿಲ್ಲಿಸಬೇಕೆಂದು ಟೀಚರ್ ಹೇಳಿದ್ದಾರಂತೆ. ಜೊತೆಗೆ ಇನ್ನೊಂದು ತಮಾಷೆ: ಆ ಕಾಲದಲ್ಲಿ ಫೋನ್ ಇದ್ದಿದ್ದರೆ ನಿಮ್ಮವರು ಯಾವ ಟೆಕ್ಸ್ಟ್ ಕಳಿಸುತ್ತಿದ್ದರು, ಒಂದು ಬರೆಯಿರಿ.

“ಹೊಟ್ಟೆನೋವು, ಬರಕ್ಕಾಗಲ್ಲ ಅಂತ ಬರಿ” ಅಂದೆ.

“ಅಪ್ಪ, ದಟ್ಸ್ ನಾಟ್ ರಿಯಲಿಸ್ಟಿಕ್.”

ಮಾರ್ಚ್ 3, ಸೋಮವಾರ

ವಿ.ಪಿ. ಕಾಲ್. ಹನ್ನೊಂದು ನಿಮಿಷ. ಅದರಲ್ಲಿ ಏಳು ನಿಮಿಷ ಅವನ ಸ್ಕೀಯಿಂಗ್. ಉಳಿದ ನಾಲ್ಕು ನಿಮಿಷದಲ್ಲಿ ಕನ್ವೇಯರ್ ಮೆಂಟೆನೆನ್ಸ್ ಎಲ್ಲ ಪೆನ್ಸಿಲ್ವೇನಿಯಾದಿಂದಲೇ ನಡೆಯುತ್ತದೆ, ಇಲ್ಲಿ ಒಬ್ಬರು ಕಡಿಮೆ ಆಗಬೇಕು, ಗುರುವಾರದೊಳಗೆ ಹೇಳಿ ಮುಗಿಸಬೇಕು ಅಂದ. ಮೇಲಿನಿಂದ ಒಂದು ಹೆಸರು ಬಂದಿದೆ. ಶಿವಪ್ರಕಾಶ.

ಅವನದು ಎಚ್-ಒನ್-ಬಿ, ಕೆಲಸಕ್ಕೆ ಕಟ್ಟಿಹಾಕಿದ ವೀಸಾ. ಕೆಲಸ ಹೋದರೆ ಅರವತ್ತು ದಿನ. ಅಷ್ಟರಲ್ಲಿ ಇನ್ನೊಂದು ಕಂಪನಿ ಹಿಡಿಯದಿದ್ದರೆ ಗಂಟುಮೂಟೆ ಕಟ್ಟಿ ದೇಶ ಬಿಡಬೇಕು. ಹತ್ತಿರದ ಎಡಿಸನ್ ಊರಲ್ಲಿ ನೆಟ್ಟಗೆ ಕೆಲಸ ಮಾಡಿಕೊಂಡಿದ್ದವನನ್ನು ಇಲ್ಲಿಗೆ ಎಳೆದುಕೊಂಡು ಬಂದವನು ನಾನು. ಬಾರಯ್ಯ, ನಾನಿದ್ದೀನಿ ಅಂದಿದ್ದೆ. ಹೋದ ವರ್ಷ ನಾನು ಡಲ್ಲಾಸ್‌ನಲ್ಲಿದ್ದಾಗ ಜಾನ್ವಿ ಕೈ ಮುರಿದುಕೊಂಡಳು. ಆಸ್ಪತ್ರೆಯಲ್ಲಿ ಬೆಳಗಿನ ತನಕ ಅವಳ ಪಕ್ಕ ಕೂತಿದ್ದವನು ಅವನು.

ನಾನೇ ಹೇಳಬೇಕು. ಮುಖ ನೋಡಿ ಹೇಳಬೇಕು.

ಮಾರ್ಚ್ 4, ಮಂಗಳವಾರ

ಇವತ್ತು ಹೇಳಬೇಕೆಂದಿದ್ದೆ. ಊಟದ ಹೊತ್ತಿಗೆ ಅವನೇ ಬಂದು ರಿಯಾಳ ಟೋಪಿಯ ಫೋಟೋ ತೋರಿಸಿದ. ಅಂಥ ಹೊತ್ತಿನಲ್ಲಿ ಹೇಗೆ... ನಾಳೆ.

ಮಾರ್ಚ್ 5, ಬುಧವಾರ

ಆಡಿಟ್‌ನವರು ಬಂದಿದ್ದರು. ನಾಳೆ ಹತ್ತು ಗಂಟೆಗೆ ಮೀಟಿಂಗ್ ಇಟ್ಟಿದ್ದೇನೆ. ಖಂಡಿತ.

ಮಾರ್ಚ್ 6, ಗುರುವಾರ. ಬೆಳಗ್ಗೆ 7:50

ಎದ್ದಾಗಿನಿಂದ ತಲೆ ಭಾರ. ಜ್ವರ ಇರಬಹುದು. ಥರ್ಮಾಮೀಟರ್ ಹುಡುಕಲಿಲ್ಲ. ಅಡುಗೆಮನೆಯಲ್ಲೇ ನಿಂತು, ಹತ್ತು ಗಂಟೆಯ ಮೀಟಿಂಗಿಗೆ ಆಕರ್ಷ್‌ಗೆ ಟೆಕ್ಸ್ಟ್ ಕಳಿಸಿದೆ. ಕೈಯಲ್ಲಿ ಕಾಫಿ ಲೋಟ ಇತ್ತು, ಅದಕ್ಕೇ ಬಾಯಲ್ಲಿ ಹೇಳಿ ಫೋನಿಗೆ ಬರೆಸಿದೆ. “ನಾಟ್ ಫೀಲಿಂಗ್ ಹಂಡ್ರೆಡ್ ಪರ್ಸೆಂಟ್ ಟುಡೇ. ಪ್ಲೀಸ್ ಟೇಕ್ ದ ಲೀಡ್. ಯು ಹ್ಯಾವ್ ಮೈ ಫುಲ್ ಸಪೋರ್ಟ್.” ಆಕರ್ಷ್ ನನ್ನ ಅಸಿಸ್ಟೆಂಟ್. ಇಪ್ಪತ್ತೆಂಟು ವರ್ಷ, ಇಲ್ಲೇ ಹುಟ್ಟಿದವನು. ಇಂಥದ್ದು ಅವನಿಗೂ ಅಭ್ಯಾಸ ಆಗಬೇಕು. ಮುಂದೆ ಬರುವ ಹುಡುಗ.

ಜಾನ್ವಿ ಸೀರಿಯಲ್ ತಿನ್ನುತ್ತಾ ನೋಡುತ್ತಿದ್ದಳು. “ಅಪ್ಪ, ಆರ್ ಯು ಸಿಕ್?”

“ಸ್ವಲ್ಪ ತಲೆನೋವು ಪುಟ್ಟ.”

ಹಣೆ ಮುಟ್ಟಿ ನೋಡಿದಳು. ಶೈಲಜಾ ನೋಡುವ ಹಾಗೇ, ಅಂಗೈಯ ಹಿಂಬದಿಯಿಂದ. “ಯು ಆರ್ ನಾಟ್ ಹಾಟ್” ಅಂದಳು. ಬಸ್ಸಿಗೆ ಹೋದಳು.

ಅದೇ ದಿನ, ಮಧ್ಯಾಹ್ನ 3

ಆಕರ್ಷ್ ಕಾಲ್ ಮಾಡಿದ. ಮುಗಿಯಿತಂತೆ. ಒಂಬತ್ತು ನಿಮಿಷ.

“ಏನಂದ?”

“ನಥಿಂಗ್, ಅಂಕಲ್... ಸಾರಿ, ಸರ್. ಒಂದೇ ಕ್ವೆಶ್ಚನ್ ಕೇಳಿದ್ರು. ಜಯರಾಮಣ್ಣ ಎಲ್ಲಿ ಅಂತ. ಐ ಡಿಡಂಟ್ ನೋ ವಾಟ್ ಟು ಸೇ. ಸೋ ನಿಮ್ಮ ಟೆಕ್ಸ್ಟ್ ಓದಿಬಿಟ್ಟೆ.”

“ಓದಿದ್ಯಾ? ಪೂರ್ತಿ?”

“ಹೂಂ. ಫುಲ್ ಸಪೋರ್ಟ್ ತನಕ.”

ಪೆದ್ದ. ಶುದ್ಧ ಪೆದ್ದ. ಇವನನ್ನು ಇಟ್ಟುಕೊಂಡು...

ಮಾರ್ಚ್ 8, ಶನಿವಾರ

ಅವರ ಮನೆಯ ಸರದಿ. ಕರೆ ಬರಲಿಲ್ಲ. ಶೈಲಜಾಗೆ ಆಫೀಸಿನ ವಿಷಯ ಹೇಳಿದೆ, ಮೇಲಿನಿಂದ ಬಂದದ್ದು ಅಂತಲೂ ಹೇಳಿದೆ. ಅವಳು ಒಂದೇ ಮಾತು ಕೇಳಿದಳು: “ನೀವ್ ಹೋಗಿ ಮಾತಾಡಿಸಿದ್ರಾ, ರೀ?” ಹೋಗ್ತೀನಿ ಅಂದೆ. ತಟ್ಟೆ ಎತ್ತಿಕೊಂಡು ಎದ್ದುಹೋದಳು.

ಮಾರ್ಚ್ 14, ಶುಕ್ರವಾರ

ವ್ಯಾಕ್ಸ್ ಮ್ಯೂಸಿಯಂ. ಸ್ಕೂಲಿನ ಜಿಮ್. ಗೋಡೆಯುದ್ದಕ್ಕೂ ಮಕ್ಕಳು. ಮೂವರು ವಾಷಿಂಗ್ಟನ್, ಇಬ್ಬರು ಫ್ರಾಂಕ್ಲಿನ್. ಕಾರ್ನ್‌ವಾಲಿಸ್ ಒಬ್ಬಳೇ. ಎರಡು ಜಡೆ, ಕೆಂಪು ಕೋಟು, ಹೆಗಲ ಮೇಲೆ ಪದ್ಮಜಾಳ ಜರಿ. ಕಣ್ಣು ಮಿಟುಕಿಸದೆ ನಿಂತಿದ್ದಳು. ಹೆಮ್ಮೆ ಅನ್ನಿಸಿತು. ಸುಳ್ಳೇಕೆ ಹೇಳಲಿ.

ನಾನು ಹತ್ತಿರ ಹೋಗುವಷ್ಟರಲ್ಲಿ ಶಿವಪ್ರಕಾಶ ಅವಳ ಮುಂದೆ ಇದ್ದ. ಬಟನ್ ಒತ್ತಿದ.

ಗೊಂಬೆಗೆ ಜೀವ ಬಂತು. ಟ್ರೆಂಟನ್ ಹೇಳಿದಳು, ನರಿ ಹೇಳಿದಳು, ಯಾರ್ಕ್‌ಟೌನ್ ಹೇಳಿದಳು. ಆಮೇಲೆ ಕೋಟಿನ ಜೇಬಿನಿಂದ ರಟ್ಟಿನ ಫೋನ್ ತೆಗೆದು, ಓ’ಹಾರಾನಿಗೆ ಕಳಿಸಿದ ಟೆಕ್ಸ್ಟ್ ಓದಿದಳು.

“ನಾಟ್ ಫೀಲಿಂಗ್ ಹಂಡ್ರೆಡ್ ಪರ್ಸೆಂಟ್ ಟುಡೇ. ಪ್ಲೀಸ್ ಟೇಕ್ ದ ಲೀಡ್. ಯು ಹ್ಯಾವ್ ಮೈ ಫುಲ್ ಸಪೋರ್ಟ್.”

ಸುತ್ತ ನಿಂತಿದ್ದವರೆಲ್ಲ ಗೊಳ್ಳೆಂದರು. ಯಾರೋ ಚಪ್ಪಾಳೆ ತಟ್ಟಿದರು. ಟೀಚರ್ ಕಣ್ಣೊರೆಸಿಕೊಂಡು ನಕ್ಕರು. ಶಿವಪ್ರಕಾಶ ನಗಲಿಲ್ಲ. ಸ್ವಲ್ಪ ಹೊತ್ತು ಆ ರಟ್ಟಿನ ಫೋನನ್ನೇ ನೋಡಿದ. ನಾನು ಅವನ ಹಿಂದೆ ನಾಲ್ಕು ಅಡಿ ದೂರದಲ್ಲಿ ಇದ್ದೆ. ಇರುವುದು ಅವನಿಗೆ ಗೊತ್ತಿತ್ತು.

ಮತ್ತೆ ಬಟನ್ ಒತ್ತಿದ.

ನಿಯಮ ನಿಯಮವೇ. ಜಾನ್ವಿ ಮೊದಲಿನಿಂದ ಶುರು ಮಾಡಿದಳು. ಟ್ರೆಂಟನ್, ನರಿ, ಯಾರ್ಕ್‌ಟೌನ್, ಫೋನ್, ಹಂಡ್ರೆಡ್ ಪರ್ಸೆಂಟ್. ಅವನು ಕೈಕಟ್ಟಿಕೊಂಡು ಪೂರ್ತಿ ಕೇಳಿದ. ನಾನೂ ಕೇಳಿದೆ.

“ತುಂಬಾ ಚೆನ್ನಾಗಿ ಹೇಳ್ದೆ ಪುಟ್ಟಿ” ಅಂದು ಅವಳ ತಲೆ ಸವರಿ, ಮುಂದಿನ ಗೊಂಬೆಯ ಹತ್ತಿರ ಹೋದ. ನನ್ನ ಕಡೆ ತಿರುಗಲಿಲ್ಲ.

ಮಾರ್ಚ್ 15, ಶನಿವಾರ. ಬೆಳಗ್ಗೆ

ಜಾನ್ವಿಗೆ ಎ ಪ್ಲಸ್. “ಆ ಟೆಕ್ಸ್ಟ್ ಯಾಕೆ ಹಾಕ್ದೆ?” ಅಂತ ಕೇಳಿದೆ. ತಪ್ಪು ಮಾಡಿದವಳ ಹಾಗೆ ನೋಡಿದಳು. “ಐ ನೀಡೆಡ್ ಸಂಥಿಂಗ್ ರಿಯಲಿಸ್ಟಿಕ್” ಅಂದಳು. ಮಗುವಿಗೆ ಏನೂ ಗೊತ್ತಿಲ್ಲ. ಗೊತ್ತಿದ್ದು ಬೈದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಹಿಂದಿನ ಪುಟಗಳನ್ನು ತಿರುವಿದೆ. ಕಾರ್ನ್‌ವಾಲಿಸನಿಗೆ ಎಷ್ಟು ಬೈದಿದ್ದೇನೆ! ವಿ.ಪಿ.ಗೆ, ಆಕರ್ಷ್‌ಗೆ, ಎಲ್ಲರಿಗೂ. ಮಾರ್ಚ್ ಮೂರರ ಪುಟದಲ್ಲಿ ಬರೆದಿದ್ದೇನೆ — ಮೇಲಿನಿಂದ ಒಂದು ಹೆಸರು ಬಂದಿದೆ ಎಂದು. ನನ್ನ ಬಿಟ್ಟು ಯಾರೂ ಓದದ ಪುಸ್ತಕದಲ್ಲೂ ಸುಳ್ಳು. ಹೆಸರು ಬರಲಿಲ್ಲ. ಒಂದು ಹೆಸರು ಕೊಡು ಅಂದ ವಿ.ಪಿ. ಐದು ಜನರಿದ್ದರು. ಉಳಿದ ನಾಲ್ವರೂ ಕೂಗಾಡುವವರು, ಲಾಯರ್ ಹತ್ತಿರ ಹೋಗುವವರು. ಶಿವಪ್ರಕಾಶ ಏನೂ ಅನ್ನುವುದಿಲ್ಲ ಅಂತ ನನಗೆ ಗೊತ್ತಿತ್ತು. ಅಷ್ಟಕ್ಕೇ ಕೊಟ್ಟೆ. ಯೋಚಿಸಲು ಒಂದು ನಿಮಿಷ ಕೂಡ ತೆಗೆದುಕೊಳ್ಳಲಿಲ್ಲ.

ಹೇಸಿಗೆಯಾಗುತ್ತದೆ.

ಮಾರ್ಚ್ 16, ಭಾನುವಾರ. ಮಧ್ಯಾಹ್ನ

ಹೋದೆ. ಒಬ್ಬನೇ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡೆ. ನಾನೇ ಹೆಸರು ಕೊಟ್ಟೆ. ತಪ್ಪಾಯಿತು. ಎಡಿಸನ್‌ನಲ್ಲಿ ಇಬ್ಬರು ಪರಿಚಯದವರಿಗೆ ಫೋನ್ ಮಾಡಿದ್ದೇನೆ. ಐವತ್ತು ದಿನ ಇದೆ ಇನ್ನೂ.

ಪದ್ಮಜಾ ಬಾಗಿಲು ತೆರೆದಳು. ಅರ್ಧ. ಆರು ವರ್ಷದಲ್ಲಿ ಮೊದಲ ಸಲ, ಬನ್ನಿ ಒಳಗೆ ಅನ್ನಲಿಲ್ಲ.

“ಶಿವಪ್ರಕಾಶ ಇದಾನಾ?”

“ಅವ್ರಿಗೆ ಹುಷಾರಿಲ್ಲ, ಜಯರಾಮಣ್ಣ.”

“ಏನಾಯ್ತು?”

“ಹಂಡ್ರೆಡ್ ಪರ್ಸೆಂಟ್ ಇಲ್ವಂತೆ ಇವತ್ತು. ಏನಿದ್ರೂ ನನ್ ಹತ್ರನೇ ಹೇಳ್ಬೇಕಂತೆ.”

ಒಳಗೆ ಕುಕ್ಕರ್ ಕೂಗಿತು. “ರಿಯಾ, ಎರಡಾಯ್ತು ನೋಡು, ಇನ್ನೊಂದಕ್ಕೆ ಆಫ್ ಮಾಡು” — ಅವನದೇ ದನಿ. ಗಟ್ಟಿಯಾಗಿ, ಆರೋಗ್ಯವಾಗಿ. ಬಾಗಿಲಿನಿಂದ ಹತ್ತು ಹೆಜ್ಜೆ ಇರಬಹುದು. ಪದ್ಮಜಾ ಕಾಯುತ್ತಾ ನಿಂತಿದ್ದಳು. ಕೋಪ ಇರಲಿಲ್ಲ ಮುಖದಲ್ಲಿ. ಪಾರ್ಸೆಲ್ ತಂದವನು ಯಾವಾಗ ಕೊಡುತ್ತಾನೆ ಎಂದು ನೋಡುವ ಹಾಗೆ ನೋಡುತ್ತಿದ್ದಳು, ಅಷ್ಟೆ.

ಬಾಯಿ ತೆರೆದೆ. “ನಾಳೆ ಬರ್ತೀನಿ” ಅಂದೆ.

“ಹೇಳ್ತೀನಿ” ಅಂದು ಬಾಗಿಲು ಹಾಕಿಕೊಂಡಳು.

ಈಗ ಅಡುಗೆಮನೆ ಟೇಬಲ್ಲಿನಲ್ಲಿ ಕೂತಿದ್ದೇನೆ. ಷೂ ಬಿಚ್ಚಿಲ್ಲ. ಎದುರು ಕುರ್ಚಿಯ ಮೇಲೆ ಆ ಕೆಂಪು ಕೋಟು. ಜರಿ ಬಿಚ್ಚಿ ವಾಪಸ್ ಕೊಡಬೇಕು ಅಂತ ಶೈಲಜಾ ಅಲ್ಲಿ ಇಟ್ಟಿದ್ದಾಳೆ. ನಾಳೆ ಅಲ್ಲ. ಈಗಲೇ ಹೋಗಬೇಕು. ಮೂರೇ ಬಿಲ್ಡಿಂಗ್. ಅವನು ಹೊರಗೆ ಬರದಿದ್ದರೂ ಸರಿ, ಬಾಗಿಲಲ್ಲೇ ನಿಂತು, ಪದ್ಮಜಾಗೇ ಹೇಳಬೇಕು, ಒಳಗೆ ಅವನಿಗೂ ಕೇಳುವಷ್ಟು ಜೋರಾಗಿ — ಹೆಸರು ಕೊಟ್ಟವನು ನಾನೇ, ಯಾಕೆಂದರೆ ನೀನು ಏನೂ ಅನ್ನುವುದಿಲ್ಲ ಅಂತ ನನಗೆ ಗೊತ್ತಿತ್ತು. ಬರೆದದ್ದು ಸಾಕು, ಎದ್ದೆ.