ಕಲ್ಲಾಯಿಯ ಮಂಡಿಯ ಗೆರೆ

‘ಕಡಲ ಕಡೆ ನೋಡುತ್ತ ಕುಳಿತಳು ಕಲ್ಲಾಯಿ’ ಎಂದೇನೋ ಒಂದು ಸಾಲು ಓದಿದ್ದೆ, ಮುಂದಿನದು ಮರೆತಿದೆ. ಬರೆದವರು ಆಕೆಯನ್ನು ನಿಜಕ್ಕೂ ಕಂಡಿದ್ದರೇ? ಕಲ್ಲಾಯಿ ಕುಳಿತಿರುವುದು ಕಡಲಿಗೆ ಬೆನ್ನು ಹಾಕಿ, ನಮ್ಮ ಮನೆಗಳ ಕಡೆ ಮುಖ ಮಾಡಿ.

ಕಡಲೇರು ವರ್ಷ ೧೪೧, ಭಾದ್ರಪದ ಹುಣ್ಣಿಮೆಯ ಮರುದಿನ.

ಆಕೆಯನ್ನು ಕೆತ್ತಿದ ಕಾಲದ ಹಿರಿಯರಿಗೆ ನಮಸ್ಕಾರ. ಈ ತಾರೀಖು, ನನ್ನ ಕೆಲವು ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ಕಡಲು ಹಳೆಯ ಹೆದ್ದಾರಿಯನ್ನು ನುಂಗಿದ ವರ್ಷದಿಂದ ನಾವು ಕಾಲ ಎಣಿಸುತ್ತೇವೆ. ನೀವು ದಡದ ಬಂಡೆಯ ಮೇಲೆ ಕೂರಿಸಿದ, ಮಡಿಲಲ್ಲಿ ಚಿಪ್ಪಿಯ ಬುಟ್ಟಿ ಇಟ್ಟುಕೊಂಡ ಆ ಎಂಟಾಳೆತ್ತರದ ಹೆಂಗಸಿನ ಬಳಿಗೆ ನಾವೀಗ ದೋಣಿಯಲ್ಲಿ ಹೋಗುತ್ತೇವೆ. ಬುಟ್ಟಿಯಲ್ಲಿ ಹಕ್ಕಿಗಳು ಗೂಡು ಕಟ್ಟಿವೆ. ಪಾದಗಳ ಮೇಲೆ ನಿಜವಾದ ಚಿಪ್ಪಿ ಬೆಳೆದಿದೆ. ಅದನ್ನು ಯಾರೂ ಕೀಳುವುದಿಲ್ಲ.

ವರ್ಷಕ್ಕೊಮ್ಮೆ, ಈ ಹುಣ್ಣಿಮೆಯ ಉಬ್ಬರದಲ್ಲಿ, ‘ಅಂಗೈ ಇಡುವುದು’ ನಮ್ಮ ಪದ್ಧತಿ. ಬಣ್ಣ ಹಚ್ಚಿದ ಅಂಗೈಯನ್ನು, ಅದರ ಬುಡ ನೀರಿಗೆ ತಾಗುವಂತೆ, ಆಕೆಯ ಕಾಲಿಗೆ ಒತ್ತಬೇಕು. ಆಮೇಲೆ ಉಳಿಯಿಂದ ಅದನ್ನು ಕೊರೆದಿಡುತ್ತಾರೆ. ಒಂದರ ಪಕ್ಕ ಒಂದರಂತೆ ಅಂಗೈಗಳು ಕಾಲು ಸುತ್ತಿ ಮೇಲೇರಿವೆ. ಗುರುತು ಆಕೆಯ ಮಂಡಿಗೆ ಕೊರೆದ ಗೆರೆಯನ್ನು ಮುಟ್ಟಿದ ವರ್ಷ ಕೆಳಸಾಲಿನ ಮನೆಗಳು ಖಾಲಿಯಾಗಬೇಕು. ಹೋದ ವರ್ಷ ಗೆರೆಗೆ ಉಳಿದದ್ದು ಒಂದೇ ಬೆರಳಗಲ. ನೀರು ವರ್ಷಕ್ಕೆ ಒಂದು ಬೆರಳು ತಪ್ಪದೆ ಏರುತ್ತಿತ್ತು. ಗುರುತಿಡುವವರು ಕೆಳಸಾಲಿನವರೇ ಆಗಬೇಕು. ಈ ಸಲ ಸರದಿ ನನ್ನದು. ನಮ್ಮ ಬೀದಿಯವರೆಲ್ಲ ಪಾತ್ರೆಪಗಡ ಕಟ್ಟಿಟ್ಟಿದ್ದರು.

“ಅಕ್ಕೋರೆ, ಕೈ ಸ್ವಲ್ಪ ಕೆಳಗೆ ಜಾರಿದ್ರೆ ನಾ ಕಂಡೋನಲ್ಲ, ಹಾಂ!” ಎಂದ ದೋಣಿಯ ಜಟ್ಟಣ್ಣ. ಅವನ ಮನೆ ಗುಡ್ಡದ ಮೇಲಿದೆ. ತಮಾಷೆ ಅವನಿಗೆ ಸುಲಭ.

ಏಳು ಅಲೆ ಹೋಗಗೊಟ್ಟು, ನೀರು ನಿಂತ ಕ್ಷಣಕ್ಕೆ ಅಂಗೈ ಒತ್ತಿದೆ. ಹೋದ ವರ್ಷದ ಗುರುತಿಗೆ ಸರಿಸಮ! ನನ್ನ ಕೈಯನ್ನು ನಾನೇ ನಂಬಲಿಲ್ಲ. ಆಸೆ ಅದನ್ನು ಕೆಳಗೆ ಎಳೆದಿರಬಹುದು. ನೀನೂ ಒತ್ತು ಎಂದು ಜಟ್ಟಣ್ಣನಿಗೆ ಹೇಳಿದೆ. ಅವನದೂ ಅಲ್ಲಿಗೇ ಬಂತು. ಅವನು ನಗಲಿಲ್ಲ. “ಕಡ್ಲಿಗೂ ಸಾಕಾಯ್ತೇನೋ ಮಾರಾಯ್ತಿ” ಎಂದ, ಮೆಲ್ಲಗೆ.

ನೀರು ಏರದ ವರ್ಷ ಇದೇ ಮೊದಲು. ಒಂದು ವರ್ಷವನ್ನು ನೋಡಿ ಏನೂ ಹೇಳಲಾಗದು, ಬಲ್ಲೆ. ಆದರೂ ನೀರು ತಾನಾಗಿ ನಿಂತಿರಲಾರದು. ನಿಮ್ಮಲ್ಲಿ ಯಾರೋ, ನಮ್ಮ ಮುಖ ಕಾಣದೆಯೇ, ಕಡಲನ್ನು ಏರಿಸುವ ಕಲ್ಲಿದ್ದಲನ್ನೋ ಎಣ್ಣೆಯನ್ನೋ ಉರಿಸುವುದನ್ನು ಬಿಟ್ಟಿರಬೇಕು. ಬಿಡೋಣವೆಂದು ನೆರೆಹೊರೆಯವರೊಡನೆ ಜಗಳವಾಡಿರಬೇಕು. ಈ ಪತ್ರ ಅವರಿಗೆ. ಬೇಸರಪಟ್ಟು ಅರ್ಧಕ್ಕೆ ನಿಲ್ಲಿಸಬೇಡಿ, ಅಷ್ಟೇ ಕೋರಿಕೆ.

ಮನೆ ತಲುಪಿದಾಗ ಪಕ್ಕದ ಮನೆಯ ಮಾಸ್ತಕ್ಕ, ಎಂಬತ್ತು ದಾಟಿದವಳು, ನನ್ನ ಬಾಗಿಲಲ್ಲೇ ಕಾದಿದ್ದಳು. ಸುದ್ದಿ ಹೇಳಿದೆ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅಂದಳು: “ಹಂಗಾರೆ ತಂಗಿ, ಅಂಗಳದಲ್ಲಿ ಒಂದು ತೆಂಗಿನ ಸಸಿ ನೆಡೂಕೆ ಅಡ್ಡಿಲ್ಲ. ಬಾ, ಗುಂಡಿ ತೋಡಿಕೊಡು.”