ಪುನರಾವರ್ತನೆ ಎಂದು ತಿರಸ್ಕೃತಳಾದ ನನ್ನ ಎರಡನೇ ಮಗಳು

ಆರೋಗ್ಯ ಯೋಜನೆಯ ಮಂಜೂರಾತಿ ಅಧಿಕಾರಿಗಳೇ,

ಹುಟ್ಟಿನಿಂದಲೇ ಕತ್ತಿನ ರಕ್ತನಾಳ ಸರಿಯಿಲ್ಲದ ಅಕ್ಕತಂಗಿಯರಲ್ಲಿ ತಂಗಿಯ ಅರ್ಜಿಯನ್ನು ನೀವು ಓದದೆಯೇ ತಳ್ಳಿಹಾಕಿದಿರಿ. ಅದರ ಫಲವನ್ನು ಅವಳು ಉಣ್ಣುತ್ತಿದ್ದಾಳೆ. ಗೌರವದಿಂದ ಬರೆಯಬೇಕೆಂದು ಮೂರು ಸಲ ಕುಳಿತೆ. ಹೇಸಿಗೆಯೇ ಮುಂದಾಗಿ ಬಂತು.

ನಾನು ಬನವಾಸಿಯಲ್ಲಿ ಬಟ್ಟೆ ಹೊಲಿಯುವವಳು. ದೊಡ್ಡ ಮಗಳು ಮಹೇಶ್ವರಿಗೆ ಹದಿಮೂರು. ಕಳೆದ ಜುಲೈನಲ್ಲಿ ಶಾಲೆಯ ಪ್ರಾರ್ಥನೆಯ ಹೊತ್ತಿಗೆ ಕುಸಿದುಬಿದ್ದಳು, ಎಡಗೈ ಮೇಲೇಳಲಿಲ್ಲ. ಶಿರಸಿಯವರು ಹುಬ್ಬಳ್ಳಿಗೆ ಕಳಿಸಿದರು. ಮಿದುಳಿಗೆ ರಕ್ತ ಒಯ್ಯುವ ಕತ್ತಿನ ಬಲಗಡೆಯ ನಾಳವೊಂದು ಹುಟ್ಟಿನಿಂದಲೇ ದಾರದೆಳೆಯಷ್ಟು ಸಣ್ಣದೆಂದು ಸ್ಕ್ಯಾನಿನಲ್ಲಿ ಕಂಡಿತು. ಅಲ್ಲಿನ ವೈದ್ಯೆ, “ಇಕಿಗೆ ಒಡಹುಟ್ಟಿದವ್ರು ಅದಾರೇನ್ರಿ?” ಎಂದು ಕೇಳಿದರು. ಒಂಬತ್ತು ವರ್ಷದ ಶಿಲ್ಪಾ ಇದ್ದಾಳೆ ಎಂದೆ. “ತಡಾ ಮಾಡಬ್ಯಾಡ್ರಿ, ಆಕಿಗೂ ಸ್ಕ್ಯಾನ್ ಮಾಡಸ್ರಿ. ಇಬ್ಬರಿಗೂ ಇರಬಹುದು. ಮೊದಲ ಗೊತ್ತಾದ್ರ ಗುಳಿಗಿ ಕೊಟ್ಟು ಕಾಯಬಹುದು.”

ಮಹೇಶ್ವರಿಯ ಚಿಕಿತ್ಸೆಗೆ ನಿಮ್ಮ ಯೋಜನೆಯಲ್ಲೇ ಮಂಜೂರಾತಿ ಸಿಕ್ಕಿತ್ತು. ವೈದ್ಯೆಯ ಚೀಟಿ ಹಿಡಿದು, ಶಿಲ್ಪಾಳ ಕೈ ಹಿಡಿದು, ಅವಳಿಗೂ ಅರ್ಜಿ ಕೊಡಲು ನಿಮ್ಮ ಕಚೇರಿಗೆ ಬಂದೆ. ಗುಮಾಸ್ತರು ಅವಳನ್ನು ಮೇಲಿಂದ ಕೆಳಗೆ ನೋಡಿದರು. “ಹುಡುಗಿ ಜಿಗದಾಡಾಕತ್ತಾಳ. ಏನಾಗೇತ್ರಿ ಇಕಿಗೆ?”

“ಏನೂ ಆಗಬಾರ್ದು ಅಂತನ ಬಂದೇನ್ರಿ,” ಎಂದೆ. ನಕ್ಕರು.

ಹದಿನೈದು ದಿನಕ್ಕೆ ಹಿಂಬರಹ ಬಂತು: ‘ಅದೇ ಕುಟುಂಬದಿಂದ ಅದೇ ಕಾಯಿಲೆಗೆ ಎರಡನೇ ಅರ್ಜಿ, ಪುನರಾವರ್ತನೆಯಾದ್ದರಿಂದ ತಿರಸ್ಕರಿಸಲಾಗಿದೆ.’ ಕೆಳಗೆ ನಿಮ್ಮ ಸಹಿ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರಿಗೆ ಬೇರೆ ಬೇರೆ ಕತ್ತುಗಳಿರುತ್ತವೆ ಎಂಬುದು ತಮ್ಮ ಗಮನಕ್ಕೆ ಬಂದಿಲ್ಲವೇ? ವೈದ್ಯೆಯ ಚೀಟಿ ಓದಿದಿರಾ, ಇಲ್ಲ ಮನೆಯ ವಿಳಾಸ ಓದಿಯೇ ದಣಿದಿರಾ? ನಿಮ್ಮ ಮಂಜೂರಾತಿಯಿಲ್ಲದೆ ಸ್ಕ್ಯಾನ್ ಮಾಡಿಸುವ ಶಕ್ತಿ ನನಗಿರಲಿಲ್ಲ. ಮೇಲ್ಮನವಿ ಕೊಟ್ಟೆ. ‘ಪರಿಶೀಲನೆಯಲ್ಲಿದೆ’ ಎಂಬ ಮಾತನ್ನು ಎರಡು ತಿಂಗಳು ಕೇಳಿದೆ.

ನವೆಂಬರಿನ ಒಂದು ಬೆಳಿಗ್ಗೆ ಶಿಲ್ಪಾಳ ಜಡೆ ಹಾಕುತ್ತಿದ್ದೆ. “ಅವ್ವಾ, ಕೆಂಪ ರಿಬ್ಬನ್…” ಎಂದವಳ ಮಾತು ಅಲ್ಲೇ ನಿಂತಿತು. ತಿರುಗಿಸಿ ನೋಡಿದರೆ ಬಾಯಿ ಒಂದು ಬದಿಗೆ ಜೋತುಬಿದ್ದಿತ್ತು. ಹುಬ್ಬಳ್ಳಿಯಲ್ಲಿ ಅದೇ ವೈದ್ಯೆ ಅವಳ ಸ್ಕ್ಯಾನ್ ನೋಡಿ ನನ್ನ ಮುಖ ನೋಡಲಿಲ್ಲ. “ಇಕಿದು ಎಡಗಡೀ ನಾಳ ರೀ,” ಎಂದಷ್ಟೇ ಹೇಳಿದರು.

ಈಗ ನಡೆಯುತ್ತಾಳೆ, ತೊದಲಿ ಮಾತಾಡುತ್ತಾಳೆ. ಅವಳ ಆಸ್ಪತ್ರೆಯ ಕಾಗದ ಕಳಿಸಿದ ಮೇಲೆ, ಮೂರು ದಿನದ ಹಿಂದೆ ನಿಮ್ಮ ಉತ್ತರವೂ ಬಂತು: ‘ರೋಗಲಕ್ಷಣಗಳು ಕಂಡುಬಂದಿರುವುದರಿಂದ ಅರ್ಜಿಯನ್ನು ಪರಿಗಣಿಸಬಹುದು.’ ಎಂಥ ಕರುಣೆ!

ಒಂದು ಮಗುವಿಗೆ ಇಂಥ ದೋಷ ಕಂಡರೆ ಒಡಹುಟ್ಟಿದವರ ಪರೀಕ್ಷೆಗೆ ಅದೇ ದಿನ ಮಂಜೂರಾತಿ ಕೊಡುವ ಆದೇಶ ಹೊರಡಿಸಿ. ಆಮೇಲೆ ಬನವಾಸಿಗೆ ಬಂದು ನಿಮ್ಮ ಎರಡೂ ಕಾಗದಗಳನ್ನು ಶಿಲ್ಪಾಳೆದುರು ಕುಳಿತು ನೀವೇ ಓದಿ. ನಾಲ್ಕನೇ ತರಗತಿಯ ಆ ಹುಡುಗಿಗೆ ಈಗ ಅಕ್ಷರಗಳ ಗುರುತು ಸಿಗುತ್ತಿಲ್ಲ.

ಇಂತಿ, ನಿಮ್ಮ ಪರಿಶೀಲನೆಯನ್ನು ನಂಬಿದ ತಪ್ಪಿಗೆ,
ಗೀತಾ, ಬನವಾಸಿ